ಅರ್ಹತಾ ಸಮಯಕ್ಕಿಂತ ನಿಧಾನವಾಗಿ ಓಡಿದರೂ ಚಿನ್ನ: ಮಹಿಳೆಯರ 10,000 ಮೀಟರ್ ಓಟದ ಒಳಲೆಕ್ಕ

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ 10,000 ಮೀಟರ್ ಓಟಕ್ಕೆ ನೇರ ಅರ್ಹತೆ ಸಿಗಬೇಕಿದ್ದರೆ 30 ನಿಮಿಷ 40 ಸೆಕೆಂಡಿನೊಳಗೆ ಓಡಿ ತೋರಿಸಿರಬೇಕಿತ್ತು. ಆಗಸ್ಟ್ 9ರ ರಾತ್ರಿ ಆ ಓಟದಲ್ಲಿ ಚಿನ್ನ ಗೆದ್ದ ಕೆನ್ಯಾದ ಬಿಯಾಟ್ರಿಸ್ ಚೆಬೆಟ್ ತೆಗೆದುಕೊಂಡ ಸಮಯ 30 ನಿಮಿಷ 43.25 ಸೆಕೆಂಡ್. ಒಲಿಂಪಿಕ್ ಚಾಂಪಿಯನ್ ಆದ ಆ ಓಟ, ಅದೇ ಒಲಿಂಪಿಕ್ಸ್‌ನ ಅರ್ಹತಾ ಸಮಯವನ್ನೂ ಮುಟ್ಟಿರಲಿಲ್ಲ.

ಇದು ಒಮ್ಮೆ ನಡೆದ ಅಚ್ಚರಿಯೇನಲ್ಲ. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ಗೂ ಅರ್ಹತಾ ಸಮಯ 30:40 ಇತ್ತು. ಅಲ್ಲಿ ಇಥಿಯೋಪಿಯಾದ ಗುಡಾಫ್ ತ್ಸೆಗೆ ಗೆದ್ದದ್ದು 31:27.18ರಲ್ಲಿ. 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ಗೆ ಅರ್ಹತಾ ಸಮಯವನ್ನು 30:20ಕ್ಕೆ ಬಿಗಿಗೊಳಿಸಿದರು. ಚೆಬೆಟ್ ಅಲ್ಲಿ ಚಿನ್ನ ಗೆದ್ದದ್ದು 30:37.61ರಲ್ಲಿ. ಇವರಿಗೆ ಓಡಲು ಬಾರದೆ ಹೀಗಾದದ್ದಲ್ಲ. ಪ್ಯಾರಿಸ್‌ಗೆ ಹನ್ನೊಂದು ವಾರ ಮೊದಲು, ಮೇ 25ರಂದು, ಅಮೆರಿಕದ ಯೂಜೀನ್‌ನಲ್ಲಿ ಇದೇ ಚೆಬೆಟ್ 28:54.14ರಲ್ಲಿ ಓಡಿ, 29 ನಿಮಿಷದ ಗೋಡೆ ದಾಟಿದ ಮೊದಲ ಮಹಿಳೆ ಎನಿಸಿಕೊಂಡಿದ್ದರು. ಅದಕ್ಕೆ ಹೋಲಿಸಿದರೆ ಪ್ಯಾರಿಸ್‌ನಲ್ಲಿ 109 ಸೆಕೆಂಡ್ ನಿಧಾನ.

ಇನ್ನೂ ಕುತೂಹಲದ ಸಂಗತಿ ಬೆಳ್ಳಿ ಪದಕದ್ದು. ಇಟಲಿಯ ನಾದಿಯಾ ಬಟ್ಟೊಕ್ಲೆಟ್ಟಿ 30:43.35ರಲ್ಲಿ ಗುರಿ ಮುಟ್ಟಿದರು. ಅದು ಇಟಲಿಯ ರಾಷ್ಟ್ರೀಯ ದಾಖಲೆಯಾಯಿತು. ಆವರೆಗೆ ಅವರು ಅದಕ್ಕಿಂತ ವೇಗವಾಗಿ ಓಡಿರಲೇ ಇಲ್ಲ. ಕಾಗದದ ಮೇಲೆ ನೋಡಿದರೆ ಚೆಬೆಟ್‌ಗೂ ಅವರಿಗೂ ಒಂದೂವರೆ ಸುತ್ತಿಗಿಂತ ಹೆಚ್ಚಿನ ಅಂತರವಿರಬೇಕು. ಪ್ಯಾರಿಸ್‌ನಲ್ಲಿ ಇದ್ದದ್ದು ಸೆಕೆಂಡಿನ ಹತ್ತನೇ ಒಂದು ಭಾಗ. ಕಂಚು ಗೆದ್ದ ನೆದರ್ಲೆಂಡ್ಸ್‌ನ ಸಿಫಾನ್ ಹಸನ್ (30:44.12) ಕೂಡ ಚಿನ್ನಕ್ಕಿಂತ ಒಂದು ಸೆಕೆಂಡಿನೊಳಗೇ ಇದ್ದರು.

ಚಾಂಪಿಯನ್‌ಷಿಪ್ ಓಟವನ್ನು ಅರ್ಥ ಮಾಡಿಕೊಳ್ಳಲು ಇಲ್ಲಿಂದ ಹೊರಡುವುದೇ ಸರಿ. ದಾಖಲೆಯ ಓಟದಲ್ಲಿ ಗಡಿಯಾರ ಎದುರಾಳಿ. ಪದಕದ ಓಟದಲ್ಲಿ ಗಡಿಯಾರಕ್ಕೆ ಬೆಲೆಯೇ ಇಲ್ಲ. ಕೊನೆಯ ಸುತ್ತಿನ ಹೊತ್ತಿಗೆ ಯಾರ ಬಳಿ ಎಷ್ಟು ಶಕ್ತಿ ಉಳಿದಿದೆ ಎನ್ನುವುದೊಂದೇ ಲೆಕ್ಕ. ಮೊದಲ ಇಪ್ಪತ್ತು ಸುತ್ತು ಟಿ.ವಿ.ಯಲ್ಲಿ ಏನೂ ನಡೆಯದಂತೆ ಕಾಣುತ್ತದಲ್ಲ, ಆ ಹೊತ್ತಿನಲ್ಲೇ ಒಬ್ಬೊಬ್ಬರೂ ಇನ್ನೊಬ್ಬರಿಂದ ಖರ್ಚು ಮಾಡಿಸುವ, ತಾವು ಉಳಿಸಿಕೊಳ್ಳುವ ಕೆಲಸ ನಡೆಸಿರುತ್ತಾರೆ.

ಸುತ್ತಿಗೆ ಒಂದು ಸೆಕೆಂಡ್

ಟ್ರ್ಯಾಕ್ 400 ಮೀಟರ್, ಓಟ 25 ಪೂರ್ತಿ ಸುತ್ತು. ಹಾಗಾಗಿ ಸುತ್ತಿಗೆ ಒಂದು ಸೆಕೆಂಡ್ ಹೆಚ್ಚುಕಮ್ಮಿಯಾದರೆ ಒಟ್ಟು ಸಮಯದಲ್ಲಿ 25 ಸೆಕೆಂಡ್ ಹೆಚ್ಚುಕಮ್ಮಿ. ಇದೊಂದು ನೆನಪಿದ್ದರೆ ಮನೆಯಲ್ಲೇ ಕೂತು ಓಟವನ್ನು ಓದಬಹುದು. ಸುತ್ತಿಗೆ 70 ಸೆಕೆಂಡ್ ಅಂದರೆ 29:10. ಸುತ್ತಿಗೆ 72 ಅಂದರೆ ಸರಿಯಾಗಿ ಅರ್ಧ ಗಂಟೆ. 74 ಅಂದರೆ 30:50. 76 ಅಂದರೆ 31:40. ಚೆಬೆಟ್‌ರ ದಾಖಲೆಯಲ್ಲಿ ಸರಾಸರಿ ಸುತ್ತು 69.4 ಸೆಕೆಂಡ್, ಪ್ಯಾರಿಸ್‌ನಲ್ಲಿ 73.7, ಬುಡಾಪೆಸ್ಟ್‌ನಲ್ಲಿ ತ್ಸೆಗೆಯವರದು 75.5.

73.7 ಸೆಕೆಂಡಿನ ಸುತ್ತೆಂದರೆ ಗಂಟೆಗೆ ಸುಮಾರು 19.5 ಕಿಲೋಮೀಟರ್. ಆರೋಗ್ಯವಂತ ಹವ್ಯಾಸಿ ಓಟಗಾರರಲ್ಲಿ ಬಹಳ ಮಂದಿಗೆ ಅಂಥ ಒಂದು ಸುತ್ತು ಮುಗಿಸುವುದೇ ಕಷ್ಟ. ‘ನಿಧಾನ’ ಅನ್ನುವ ಮಾತನ್ನು ಈ ಅಳತೆ ಇಟ್ಟುಕೊಂಡೇ ಕೇಳಬೇಕು.

ಮುಂದೆ ಓಡುವವರು ಕೊಡುವ ಬೆಲೆ

ಗಾಳಿಯೇ ಇಲ್ಲದ ಸಂಜೆಯಲ್ಲೂ ಮುಂದೆ ಓಡುವವರ ಎದೆಗೆ ಗಂಟೆಗೆ 19.5 ಕಿಲೋಮೀಟರ್ ವೇಗದ ಗಾಳಿ ಬಡಿಯುತ್ತಿರುತ್ತದೆ, ಅವರೇ ಅಷ್ಟು ವೇಗದಲ್ಲಿ ಗಾಳಿಯೊಳಗೆ ನುಗ್ಗುತ್ತಿರುವುದರಿಂದ. ಒಂದು ಮೀಟರ್ ಹಿಂದೆ ಓಡುವವರಿಗೆ ಅದರಲ್ಲಿ ಬಹುಪಾಲು ತಡೆಯಾಗುತ್ತದೆ. ಒಂದು ಸುತ್ತಿನಲ್ಲಿ ಆಗುವ ಉಳಿತಾಯ ತೀರ ಚಿಕ್ಕದು. ಇಪ್ಪತ್ತು ಸುತ್ತು ಸೇರಿದಾಗ ಪದಕದ ಬಣ್ಣ ಬದಲಿಸುವಷ್ಟು. ದೇಹದ ಖರ್ಚಿನ ಜೊತೆಗೆ ಮನಸ್ಸಿನ ಖರ್ಚೂ ಇದೆ. ಮುಂದಿರುವವರು ಪ್ರತಿ ಸುತ್ತಿನ ವೇಗವನ್ನು ತಾವೇ ನಿರ್ಧರಿಸಬೇಕು, ಹಿಂದೆ ಏನು ನಡೆಯುತ್ತಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಹಿಂದಿರುವವರಿಗೆ ಮುಂದಿನ ಬೆನ್ನನ್ನು ನೋಡಿಕೊಂಡು ಓಡಿದರೆ ಸಾಕು.

ದಾಖಲೆಗಾಗಿ ನಡೆಸುವ ಓಟಗಳಲ್ಲಿ ಈ ಬೆಲೆಯನ್ನು ಬಾಡಿಗೆಯ ಪೇಸ್‌ಮೇಕರ್‌ಗಳು ಕೊಡುತ್ತಾರೆ. ಅರ್ಧ ದೂರದವರೆಗೆ ಮುಂದೆ ಓಡಿ, ಕೆಲಸ ಮುಗಿದ ಮೇಲೆ ಟ್ರ್ಯಾಕ್ ಬಿಟ್ಟು ಇಳಿಯುತ್ತಾರೆ. ಟ್ರ್ಯಾಕಿನ ಒಳ ಅಂಚಿನಲ್ಲಿ ನಿಗದಿತ ವೇಗದಲ್ಲಿ ಸಾಗುವ ದೀಪಗಳೂ ಇರುತ್ತವೆ. 2021ರ ಜೂನ್‌ನಲ್ಲಿ ನೆದರ್ಲೆಂಡ್ಸ್‌ನ ಹೆಂಗೆಲೊದಲ್ಲಿ ಸಿಫಾನ್ ಹಸನ್ 29:06.82ರ ವಿಶ್ವದಾಖಲೆ ಮಾಡಿದಾಗ, ಎರಡೇ ದಿನಗಳ ನಂತರ ಅದೇ ಟ್ರ್ಯಾಕಿನಲ್ಲಿ ಇಥಿಯೋಪಿಯಾದ ಲೆಟೆಸೆನ್‌ಬೆಟ್ ಗಿಡೆ ಅದನ್ನು 29:01.03ಕ್ಕೆ ಇಳಿಸಿದಾಗ, ಎರಡೂ ಸಲ ಆ ದೀಪಗಳು ಜೊತೆಗಿದ್ದವು. ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ದೀಪವೂ ಇಲ್ಲ, ಬಾಡಿಗೆ ಓಟಗಾರ್ತಿಯೂ ಇಲ್ಲ. ಒಂದು ದೇಶದಿಂದ ಸಾಮಾನ್ಯವಾಗಿ ಮೂವರಿಗೆ ಅವಕಾಶ; ಆ ಮೂವರಿಗೂ ಪದಕ ಬೇಕು. ವೇಗ ಹೆಚ್ಚಲಿ ಎಂದು ಬಯಸುವವರು ಹಲವರಿದ್ದರೂ, ಹೆಚ್ಚಿಸುವ ಖರ್ಚನ್ನು ಹೊರಲು ಯಾರೂ ಮುಂದಾಗುವುದಿಲ್ಲ. ಓಟ ನಿಧಾನವಾಗುವುದಕ್ಕೆ ಇದು ಮುಖ್ಯ ಕಾರಣ.

ಖರ್ಚು ಹೊತ್ತವರಿಗೆ ಏನಾಗುತ್ತದೆ ಎಂಬುದಕ್ಕೆ ಹೆಂಗೆಲೊದ ಇದೇ ಇಬ್ಬರು ಎರಡು ತಿಂಗಳ ನಂತರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎದುರಾದದ್ದನ್ನು ನೋಡಬೇಕು. ವಿಶ್ವದಾಖಲೆ ಕೈಯಲ್ಲಿದ್ದ ಗಿಡೆ ಓಟದ ಬಹುಭಾಗ ತಾವೇ ಮುಂದೆ ನಿಂತು ಎಳೆದರು. ಹಸನ್‌ರ ಕೊನೆಯ ಸುತ್ತಿನ ವೇಗ ಗಿಡೆಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಮೊದಲೇ ಸವೆಸಿಬಿಡಬೇಕೆಂಬ ಯೋಜನೆ ಸರಿಯಾದದ್ದೇ. ಆದರೆ ಆ ಸೆಖೆಯಲ್ಲಿ ಒಬ್ಬರೇ ಎಳೆದದ್ದರಿಂದ ವೇಗ ಸಾಕಷ್ಟು ಏರಲಿಲ್ಲ. ಕೊನೆಗೆ ಹಸನ್ 29:55.32ರಲ್ಲಿ ಗೆದ್ದರು, ಬಹ್ರೇನ್‌ನ ಕಲ್ಕಿಡಾನ್ ಗೆಜಾಹೆನ್ 29:56.18ರಲ್ಲಿ ಎರಡನೆಯವರಾದರು, ಗಿಡೆ 30:01.72ರಲ್ಲಿ ಕಂಚಿಗೆ ಇಳಿದರು. ಹಸನ್ ಆ ಕೂಟದಲ್ಲಿ ಅಷ್ಟರಲ್ಲಾಗಲೇ 5,000 ಮೀಟರ್ ಚಿನ್ನ, 1,500 ಮೀಟರ್ ಕಂಚು ಗೆದ್ದಿದ್ದರು. 1,500ರ ಫೈನಲ್ ನಡೆದದ್ದು ಹಿಂದಿನ ರಾತ್ರಿಯಷ್ಟೇ. ಅಷ್ಟು ದಣಿದಿದ್ದವರ ಎದುರು ಗಿಡೆ ಸೋತದ್ದಕ್ಕೆ ಧೈರ್ಯದ ಕೊರತೆ ಕಾರಣವಲ್ಲ. ಇಡೀ ಗುಂಪಿನ ಗಾಳಿಯನ್ನು ಅವರೊಬ್ಬರೇ ತಡೆದರು.

ಇಡುಗಂಟು

ಈಗ ಶರೀರದ ಒಳಗಿನ ಲೆಕ್ಕ. ಪ್ರತಿಯೊಬ್ಬ ಓಟಗಾರ್ತಿಗೂ ಒಂದು ಗಡಿವೇಗ ಇರುತ್ತದೆ. ಆ ವೇಗದವರೆಗೆ ಸ್ನಾಯುಗಳಿಗೆ ಬೇಕಾದ ಶಕ್ತಿಯನ್ನು ಉಸಿರಿನ ಆಮ್ಲಜನಕವೇ ಹೆಚ್ಚುಕಡಿಮೆ ಒದಗಿಸುತ್ತದೆ. ರಕ್ತದಲ್ಲಿನ ಲ್ಯಾಕ್ಟೇಟ್ (ಸ್ನಾಯು ಕಷ್ಟಪಟ್ಟು ದುಡಿದಾಗ ಹೆಚ್ಚುವ ವಸ್ತು) ಮಟ್ಟ ಏರಿದರೂ ಒಂದು ಕಡೆ ನಿಲ್ಲುತ್ತದೆ. ಗಡಿ ದಾಟಿದರೆ ಕೊರತೆಯನ್ನು ತುಂಬಲು ಆಮ್ಲಜನಕ ಬೇಡದ ಮೂಲದಿಂದ ಶಕ್ತಿ ಬರಬೇಕು. ಆ ಮೂಲ ಒಂದು ಇಡುಗಂಟಿನ ಹಾಗೆ: ಮೊತ್ತ ನಿಗದಿಯಾಗಿದೆ, ತೆಗೆದಷ್ಟೂ ಕಡಿಮೆಯಾಗುತ್ತದೆ, ಗಡಿವೇಗಕ್ಕಿಂತ ಕೆಳಗೆ ಇಳಿದರೆ ಮಾತ್ರ ನಿಧಾನವಾಗಿ ಮತ್ತೆ ತುಂಬುತ್ತದೆ. ತರಬೇತುದಾರರು ಇದನ್ನು ಮೀಟರ್‌ಗಳಲ್ಲೇ ಅಳೆಯುತ್ತಾರೆ, ಅಂದರೆ ಗಡಿವೇಗದಲ್ಲಿ ಓಡಬಹುದಾದ ದೂರಕ್ಕಿಂತ ಎಷ್ಟು ಮೀಟರ್ ಹೆಚ್ಚು ಓಡಬಲ್ಲರು ಎಂದು.

ಲೆಕ್ಕಕ್ಕಾಗಿ 29:20ರಲ್ಲಿ ಓಡಬಲ್ಲ ಒಬ್ಬರನ್ನು ಊಹಿಸಿಕೊಳ್ಳಿ. ಅವರ ಗಡಿವೇಗ ಸೆಕೆಂಡಿಗೆ 5.6 ಮೀಟರ್, ಅಂದರೆ 71.4 ಸೆಕೆಂಡಿನ ಸುತ್ತು. ಇಡುಗಂಟು 150 ಮೀಟರ್ ಎಂದುಕೊಳ್ಳೋಣ. 74 ಸೆಕೆಂಡಿನ ಸುತ್ತುಗಳಲ್ಲಿ ಓಡುತ್ತಿದ್ದರೆ ಗಂಟಿಗೆ ಕೈಯೇ ಹಾಕುವುದಿಲ್ಲ. 69 ಸೆಕೆಂಡಿನ ಸುತ್ತಿಗೆ ಬಂದರೆ ಸುತ್ತಿಗೆ ಸುಮಾರು 14 ಮೀಟರ್ ಖರ್ಚು. 66ಕ್ಕೆ ಬಂದರೆ 30 ಮೀಟರ್. 64ಕ್ಕೆ 42. ಕೊನೆಯ ಸುತ್ತನ್ನು 60 ಸೆಕೆಂಡಿನಲ್ಲಿ ಓಡಬೇಕೆಂದರೆ ಅದೊಂದಕ್ಕೇ 64 ಮೀಟರ್ ಬೇಕು. ಗಂಟು ಪೂರ್ತಿ ಇದ್ದರೆ ಕೊನೆಯ ಮೂರು ಸುತ್ತನ್ನು 66, 64, 60 ಎಂದು ಓಡಿ, ಕಡೆಯ ಹೆಜ್ಜೆಗೂ ಸ್ವಲ್ಪ ಉಳಿಸಿಕೊಳ್ಳಬಹುದು. ಆದರೆ ನಡುವೆ ಯಾರೋ ಎಳೆದರೆಂದು ಐದು ಸುತ್ತು 69ರಲ್ಲಿ ಹೋಗಿಬಿಟ್ಟಿದ್ದರೆ ಸುಮಾರು 68 ಮೀಟರ್ ಆಗಲೇ ಖಾಲಿ. ಉಳಿದದ್ದರಲ್ಲಿ ಕೊನೆಯ ಎರಡು ವೇಗದ ಸುತ್ತು ತೂಗುವುದಿಲ್ಲ.

ಇದರಿಂದ ಎರಡು ವಿಷಯ ಬಿಡಿಸಿಕೊಳ್ಳುತ್ತವೆ. ಒಂದು, ಓಟ 75–76ರ ಸುತ್ತುಗಳಲ್ಲಿ ಸಾಗಿದರೆ 29 ನಿಮಿಷದವರೂ 30 ನಿಮಿಷ 40 ಸೆಕೆಂಡಿನವರೂ ಇಬ್ಬರೂ ಗಂಟು ಉಳಿಸಿಕೊಂಡೇ ಕೊನೆಗೆ ಬರುತ್ತಾರೆ. ಗಡಿವೇಗದಲ್ಲಿ ಇದ್ದ ದೊಡ್ಡ ಅಂತರ ಲೆಕ್ಕಕ್ಕೇ ಬರುವುದಿಲ್ಲ. ಆಗ ಗೆಲ್ಲುವುದು ಗಂಟು ದೊಡ್ಡದಿರುವವರು, ಅದನ್ನು ಬೇಗ ಖರ್ಚು ಮಾಡಬಲ್ಲವರು, ಅಂದರೆ 1,500 ಮೀಟರ್‌ನ ಕಾಲಿರುವವರು. 1,500 ಮೀಟರನ್ನು 3:51.95ರಲ್ಲಿ ಓಡಿರುವ ಹಸನ್‌ಗೆ, 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1,500ರ ಬೆಳ್ಳಿ ಗೆದ್ದ ತ್ಸೆಗೆಗೆ ನಿಧಾನದ ಓಟ ಹಿತ. ಎರಡು, ವೇಗವನ್ನು ಏರಿಳಿಸುವುದು ಒಂದು ಆಯುಧ. 74ರಲ್ಲಿ ಸಾಗುತ್ತಿರುವ ಗುಂಪನ್ನು ಯಾರಾದರೂ ಇದ್ದಕ್ಕಿದ್ದಂತೆ 67ಕ್ಕೆ ಏರಿಸಿ, ಮತ್ತೆ 75ಕ್ಕೆ ಇಳಿಸಿದರೆ ಸರಾಸರಿಯಲ್ಲಿ ಏನೂ ಕಾಣದು. ಚಿಕ್ಕ ಗಂಟಿನವರು ಆ ಒಂದು ಸುತ್ತಿನಲ್ಲಿ ಬಹಳ ಕಳೆದುಕೊಂಡಿರುತ್ತಾರೆ. ಸುತ್ತಿನ ಸಮಯಗಳನ್ನು ಒಂದೊಂದಾಗಿ ನೋಡದೆ ಬರೀ ಒಟ್ಟು ಸಮಯ ನೋಡಿದವರಿಗೆ ‘ಅವರು ಯಾಕೆ ಹಿಂದೆ ಬಿದ್ದರು?’ ಎಂಬ ಪ್ರಶ್ನೆಗೆ ಉತ್ತರ ಸಿಗದಿರುವುದು ಇದಕ್ಕೇ.

ಪ್ಯಾರಿಸ್‌ನಲ್ಲಿ ಚೆಬೆಟ್ ಯಾಕೆ ಮುಂದೆ ಹೋಗಿ ಎಲ್ಲರನ್ನೂ ಕಳಚಲಿಲ್ಲ ಎಂದು ಕೇಳುವವರಿದ್ದಾರೆ. ಅವರ ಕೊನೆಯ ಸುತ್ತೂ ಒಳ್ಳೆಯದಿತ್ತು. ಹಾಗಿದ್ದಾಗ ಗಾಳಿಯನ್ನು ತಡೆಯುವ ಕೆಲಸ ಬೇರೆಯವರಿಗೆ ಬಿಡುವುದೇ ಜಾಣತನ. ನಾಲ್ಕು ದಿನ ಮೊದಲು ಅವರು 5,000 ಮೀಟರ್ ಫೈನಲನ್ನೂ ಗೆದ್ದಿದ್ದರು, ಅದಕ್ಕೂ ಮೊದಲು ಅದರ ಹೀಟ್ (ಫೈನಲ್‌ಗೆ ಆಯ್ಕೆ ಮಾಡುವ ಓಟ) ಇತ್ತು.

ಒಳ ಅಂಚು, ಹೊರ ಅಂಚು

ಟ್ರ್ಯಾಕಿನ ಒಳ ಅಂಚಿನಲ್ಲಿ 5 ಸೆಂಟಿಮೀಟರ್ ಎತ್ತರದ ಕಟ್ಟು ಇರುತ್ತದೆ. 400 ಮೀಟರ್ ಎಂಬ ಅಳತೆ ಆ ಕಟ್ಟಿನಿಂದ 30 ಸೆಂಟಿಮೀಟರ್ ಹೊರಗೆ ಎಳೆದ ಕಾಲ್ಪನಿಕ ಗೆರೆಯದು. ಆ ಗೆರೆಯಿಂದ ಹೊರಕ್ಕೆ ಸರಿದು ಓಡಿದರೆ ತಿರುವುಗಳಲ್ಲಿ ದೂರ ಹೆಚ್ಚುತ್ತದೆ. ಎಷ್ಟು ಎಂದು ತಿಳಿಯಲು ಟ್ರ್ಯಾಕಿನ ತ್ರಿಜ್ಯವೂ ಬೇಡ. ಸರಿದ ಅಂತರವನ್ನು 6.28ರಿಂದ ಗುಣಿಸಿದರೆ ಒಂದು ಸುತ್ತಿನ ಹೆಚ್ಚುವರಿ ದೂರ ಬಂತು.

ಮುಂದಿನವರ ಬಲ ಭುಜದ ಪಕ್ಕಕ್ಕೆ, ಅಂದರೆ 60 ಸೆಂಟಿಮೀಟರ್ ಹೊರಗೆ ಓಡುವವರು ಸುತ್ತಿಗೆ 3.77 ಮೀಟರ್ ಹೆಚ್ಚು ಓಡುತ್ತಾರೆ. 25 ಸುತ್ತಿಗೆ 94 ಮೀಟರ್. ಪ್ಯಾರಿಸ್‌ನ ವೇಗದಲ್ಲಿ ಅದು 17 ಸೆಕೆಂಡಿಗೆ ಸಮ. ಪೂರ್ತಿ ಎರಡನೇ ಲೇನಿನಲ್ಲಿ ಓಡಿದರೆ ಸುತ್ತಿಗೆ 7 ಮೀಟರ್. ಚಿನ್ನಕ್ಕೂ ಬೆಳ್ಳಿಗೂ ನಡುವಿನ 0.10 ಸೆಕೆಂಡಿನಲ್ಲಿ ಓಟಗಾರ್ತಿ ಸಾಗುವುದು ಮುಕ್ಕಾಲು ಮೀಟರ್‌ಗಿಂತ ಕಡಿಮೆ. ಒಂದೇ ಒಂದು ತಿರುವಿನಲ್ಲಿ ಅರ್ಧ ಹೆಜ್ಜೆ ಹೊರಗೆ ಓಡಿದ್ದೂ ಅಷ್ಟನ್ನು ನುಂಗಬಹುದು.

ಹಾಗಾದರೆ ಎಲ್ಲರೂ ಒಳ ಅಂಚು ಹಿಡಿದೇ ಓಡಬಾರದೇಕೆ? ಒಳಗೆ ಓಡಿದವರು ಸಿಕ್ಕಿಬೀಳುತ್ತಾರೆ. ಮುಂದೆ ಒಬ್ಬರು, ಬಲಕ್ಕೆ ಒಬ್ಬರು, ಹಿಂದೆ ಒಬ್ಬರು, ಎಡಕ್ಕೆ ಕಟ್ಟು. ಆ ಹೊತ್ತಿಗೆ ಸರಿಯಾಗಿ ಮುಂಚೂಣಿಯವರು ಚಿಮ್ಮಿದರೆ ಹೊರಬರಲು ದಾರಿಯೇ ಇಲ್ಲ. ವೇಗ ತಗ್ಗಿಸಿ, ಗುಂಪಿನ ಹಿಂದಕ್ಕೆ ಬಂದು, ಸುತ್ತು ಹಾಕಿಕೊಂಡು ಮುಂದೆ ಹೋಗಬೇಕು. ಅನುಭವಿಗಳು ಮಾಡುವುದು ಹೀಗೆ: ಮೊದಲ ಹದಿನೈದು ಹದಿನಾರು ಸುತ್ತು ಒಳ ಅಂಚಿನಲ್ಲಿ, ಐದರಿಂದ ಹತ್ತನೆಯ ಸ್ಥಾನದೊಳಗೆ ಇರುತ್ತಾರೆ. ಆಮೇಲೆ ನೇರ ಹಾದಿಯಲ್ಲಿ, ತಿರುವಿನಲ್ಲಲ್ಲ, ಮೆಲ್ಲಗೆ ಹೊರಕ್ಕೆ ಬಂದು ಮುಂಚೂಣಿಯ ಎರಡನೆಯ ಅಥವಾ ಮೂರನೆಯವರ ಬಲ ಭುಜದ ಪಕ್ಕ ಜಾಗ ಹಿಡಿಯುತ್ತಾರೆ. ಆಗ ಕೊಡುವ ಹೆಚ್ಚುವರಿ ಮೀಟರ್‌ಗಳು ಸ್ವಾತಂತ್ರ್ಯದ ಬೆಲೆ. ತೀರ ಮೊದಲೇ ಕೊಟ್ಟರೆ ದಂಡ, ತೀರ ತಡ ಮಾಡಿದರೆ ಬಂಧನ. ಹಸನ್ ಮಾತ್ರ ಇದಕ್ಕೆ ಹೊರತು. ಅವರು ಆರಂಭದ ಸುತ್ತುಗಳನ್ನು ಗುಂಪಿನ ತೀರ ಹಿಂದೆ, ಯಾರ ಕಾಲಿಗೂ ಸಿಗದೆ ಓಡುತ್ತಾರೆ.

ಓಟದ ಆರಂಭದಲ್ಲೂ ಈ ಜಾಗದ ಪ್ರಶ್ನೆ ಇದೆ. ಇಪ್ಪತ್ತಕ್ಕೂ ಹೆಚ್ಚು ಮಂದಿ ಒಂದೇ ಬಾಗಿದ ಗೆರೆಯಿಂದ ಹೊರಟರೆ ಮೊದಲ ತಿರುವಿನಲ್ಲೇ ಕಾಲಿಗೆ ಕಾಲು ಸಿಕ್ಕುತ್ತದೆ. ಅದಕ್ಕೆ ಸುಮಾರು ಮೂರನೇ ಎರಡರಷ್ಟು ಜನರನ್ನು ಒಳಗಿನ ಗೆರೆಯಲ್ಲಿ, ಉಳಿದವರನ್ನು ಸ್ವಲ್ಪ ಮುಂದೆ, ಟ್ರ್ಯಾಕಿನ ಹೊರ ಅರ್ಧದಲ್ಲಿ ಎಳೆದ ಇನ್ನೊಂದು ಗೆರೆಯಲ್ಲಿ ನಿಲ್ಲಿಸುತ್ತಾರೆ. ಹೊರಗಿನವರು ಮೊದಲ ತಿರುವು ಮುಗಿಯುವವರೆಗೆ ಹೊರ ಅರ್ಧದಲ್ಲೇ ಓಡಿ, ನಂತರ ಒಳಗೆ ಸೇರಿಕೊಳ್ಳಬೇಕು. ಟಿ.ವಿ.ಯಲ್ಲಿ ಅವರು ಮುಂದೆ ಇದ್ದಂತೆ ಕಂಡರೂ ದೂರ ಎಲ್ಲರಿಗೂ ಒಂದೇ.

ಯಾರಾದರೂ ಖರ್ಚು ಹೊತ್ತಾಗ

2016ರ ಆಗಸ್ಟ್ 12ರ ಬೆಳಿಗ್ಗೆ ರಿಯೊ ಒಲಿಂಪಿಕ್ಸ್‌ನಲ್ಲಿ ನಡೆದದ್ದು ಮೇಲಿನ ಎಲ್ಲ ಲೆಕ್ಕಕ್ಕೆ ಅಪವಾದ. ಕೆನ್ಯಾದ ಆಲಿಸ್ ಅಪ್ರೊಟ್ ಆರಂಭದಲ್ಲೇ ಹಿಂದೆಮುಂದೆ ನೋಡದೆ ವೇಗ ಏರಿಸಿದರು. ಅರ್ಧ ದೂರ 14:46.81ರಲ್ಲಿ ಮುಗಿಯಿತು. ಆಮೇಲೆ ಇಥಿಯೋಪಿಯಾದ ಅಲ್ಮಾಜ್ ಅಯಾನ ಮುಂದೆ ಬಂದು, ಉಳಿದರ್ಧವನ್ನು ಒಂಟಿಯಾಗಿ 14:30.64ರಲ್ಲಿ ಓಡಿದರು. ಒಟ್ಟು 29:17.45. ಚೀನಾದ ವಾಂಗ್ ಜುನ್‌ಷಿಯಾ 1993ರ ಸೆಪ್ಟೆಂಬರ್‌ನಲ್ಲಿ ಮಾಡಿದ್ದ 29:31.78ರ ವಿಶ್ವದಾಖಲೆ ಸುಮಾರು 23 ವರ್ಷಗಳ ನಂತರ ಬಿತ್ತು. ವಿವಿಯನ್ ಚೆರುಯೊಟ್ 29:32.53ರಲ್ಲಿ ಬೆಳ್ಳಿ, ತಿರುನೇಶ್ ದಿಬಾಬಾ 29:42.56ರಲ್ಲಿ ಕಂಚು. ಮೊದಲಿಗೂ ಮೂರನೆಯದಕ್ಕೂ 25 ಸೆಕೆಂಡ್ ಅಂತರ ನೋಡಿ. ವೇಗದ ಓಟದಲ್ಲಿ ಗಡಿವೇಗದ ವ್ಯತ್ಯಾಸ ಬಯಲಿಗೆ ಬರುತ್ತದೆ, ಸಾಲು ಉದ್ದವಾಗಿ ಹರಿದುಹೋಗುತ್ತದೆ. ಅದರ ಎದುರಿಗೆ 2022ರ ಯೂಜೀನ್ ವಿಶ್ವ ಚಾಂಪಿಯನ್‌ಷಿಪ್ ಇಟ್ಟು ನೋಡಿ: ಗಿಡೆ 30:09.94, ಹೆಲೆನ್ ಒಬಿರಿ 30:10.02, ಮಾರ್ಗರೆಟ್ ಕಿಪ್‌ಕೆಂಬೊಯ್ 30:10.07. ಮೂರು ಪದಕ 0.13 ಸೆಕೆಂಡಿನೊಳಗೆ. ಟೋಕಿಯೊದಲ್ಲಿ ಕೊನೆಯ ಸುತ್ತಿನಲ್ಲಿ ಸೋತ ಗಿಡೆ ಇಲ್ಲಿ ಕೊನೆಯ ನೇರ ಹಾದಿಯಲ್ಲೇ ಗೆದ್ದರು ಎಂಬುದು ನನಗೆ ಈ ಓಟದ ಇತಿಹಾಸದ ಅತ್ಯಂತ ಸಂತೋಷದ ಫಲಿತಾಂಶಗಳಲ್ಲೊಂದು.

ಮಹಿಳೆಯರಿಗೆ ಈ ಓಟ ಸಿಕ್ಕಿದ್ದೇ ತಡವಾಗಿ. 1928ರ ಒಲಿಂಪಿಕ್ಸ್‌ನ 800 ಮೀಟರ್ ನಂತರ, ಹೆಣ್ಣಿಗೆ ಇಷ್ಟು ದೂರ ಹಿತವಲ್ಲವೆಂದು ಅದನ್ನೇ ತೆಗೆದುಹಾಕಿ 1960ರವರೆಗೆ ಮರಳಿ ಸೇರಿಸಿರಲಿಲ್ಲ. 10,000 ಮೀಟರ್ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದದ್ದು 1987ರಲ್ಲಿ, ಒಲಿಂಪಿಕ್ಸ್‌ಗೆ 1988ರಲ್ಲಿ. 1992ರ ಬಾರ್ಸಿಲೋನಾದಲ್ಲಿ ಇಥಿಯೋಪಿಯಾದ ಡೆರಾರ್ತು ತುಲು ಗೆದ್ದು, ಒಲಿಂಪಿಕ್ ಚಿನ್ನ ಪಡೆದ ಮೊದಲ ಕಪ್ಪು ಆಫ್ರಿಕನ್ ಮಹಿಳೆಯಾದರು. ಇಂದಿನ ಇಥಿಯೋಪಿಯಾ–ಕೆನ್ಯಾ ಪೈಪೋಟಿಯ ಬೇರು ಅಲ್ಲಿದೆ.

ಕೊನೆಯ ಸುತ್ತುಗಳು

ಚಿಮ್ಮುವುದು ಯಾವಾಗ ಎನ್ನುವುದಕ್ಕೆ ಮೂರು ಬಗೆಯ ಉತ್ತರಗಳಿವೆ. ಶುದ್ಧ ವೇಗ ಹೆಚ್ಚಿರುವವರು ಕೊನೆಯ 200 ಮೀಟರ್‌ವರೆಗೆ ಕಾಯುತ್ತಾರೆ. ವೇಗ ಸ್ವಲ್ಪ ಕಡಿಮೆಯಿದ್ದು ಗಂಟು ದೊಡ್ಡದಿರುವವರು 600–800 ಮೀಟರ್ ಇರುವಾಗಲೇ ಹೊರಡುತ್ತಾರೆ, ಎದುರಾಳಿಯ ಗಂಟು ಕೊನೆಯ ತಿರುವಿಗೆ ಮೊದಲೇ ಖಾಲಿಯಾಗಲೆಂದು. ಎರಡೂ ಇರುವವರು ಇನ್ನೂ ದೂರದಿಂದ ಹೊರಡಬಹುದು. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹಸನ್ ಕೊನೆಯ 1,500 ಮೀಟರನ್ನು ನಾಲ್ಕು ನಿಮಿಷದೊಳಗೆ, ಅಂದರೆ ಹತ್ತಿರಹತ್ತಿರ 64 ಸೆಕೆಂಡಿನ ಸುತ್ತುಗಳಲ್ಲಿ ಓಡಿದರು. ಎಂಟೂವರೆ ಕಿಲೋಮೀಟರ್ ಓಡಿದ ಮೇಲೆ ಅದನ್ನು ತಡೆಯುವ ಉಪಾಯ ಯಾರ ಬಳಿಯೂ ಇರಲಿಲ್ಲ.

ನಮ್ಮ ದೇಶದ ಓಟಗಾರ್ತಿಯರೂ ಇದೇ ವ್ಯಾಕರಣದಲ್ಲಿ ಗೆದ್ದಿದ್ದಾರೆ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರೀಜಾ ಶ್ರೀಧರನ್ 31:50.47ರಲ್ಲಿ ಚಿನ್ನ, ಕವಿತಾ ರಾವುತ್ ಒಂದು ಸೆಕೆಂಡಿನೊಳಗೆ ಹಿಂದೆ ಬೆಳ್ಳಿ. 2023ರ ಹಾಂಗ್‌ಝೌನಲ್ಲಿ 5,000 ಮೀಟರ್ ಓಟದ ಕೊನೆಯ ಕೆಲವೇ ಮೀಟರ್‌ಗಳಲ್ಲಿ ಪಾರುಲ್ ಚೌಧರಿ ಜಪಾನಿನ ರಿರಿಕಾ ಹಿರೊನಾಕಾ ಅವರನ್ನು ದಾಟಿ 15:14.75ರಲ್ಲಿ ಗೆದ್ದರು, ಹಿಂದಿನ ದಿನವಷ್ಟೇ 3,000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಬೆಳ್ಳಿ ಗೆದ್ದ ಕಾಲುಗಳವು. ಆದರೆ ಪ್ರೀಜಾ ಓಡಿದ ಸಮಯಕ್ಕೂ 30:40ರ ಅರ್ಹತೆಗೂ ಸುತ್ತಿಗೆ 2.8 ಸೆಕೆಂಡಿನ ಅಂತರವಿದೆ. ಕೊನೆಯ ಸುತ್ತು ಚೆನ್ನಾಗಿದ್ದರೂ ಆ ಗುಂಪಿನ ಜೊತೆ ಕೊನೆಯ ಸುತ್ತಿನವರೆಗೆ ಬರಲು ಮೊದಲು ಗಡಿವೇಗ ಏರಬೇಕು. ನಮ್ಮಲ್ಲಿ ಚರ್ಚೆಯಾಗಬೇಕಾದದ್ದು ಇದು.

ಬೆಂಗಳೂರಿನ ವರ್ಲ್ಡ್ 10ಕೆ ಓಟವನ್ನು ಬೀದಿಬದಿಯಲ್ಲಿ ನಿಂತು ನೋಡುವವರಿಗೆ ಒಂದು ಮಾತು. ದೂರ ಅಷ್ಟೇ ಆದರೂ ಅದು ಬೇರೆಯೇ ಆಟ. ರಸ್ತೆಯ ಏರಿಳಿತ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಗಾಳಿ, ದಪ್ಪ ಅಟ್ಟೆಯ ಷೂಗಳು. ರಸ್ತೆಯಲ್ಲಿ ಅಟ್ಟೆ 40 ಮಿಲಿಮೀಟರ್‌ವರೆಗೆ ಇರಬಹುದು, ಟ್ರ್ಯಾಕಿನಲ್ಲಿ 2024ರ ನವೆಂಬರ್‌ನಿಂದ 20 ಮಿಲಿಮೀಟರ್ ಮಿತಿ. ಮೊಳೆಷೂಗಳ ಆ ತೆಳು ಅಟ್ಟೆಯಲ್ಲಿ 25 ಸುತ್ತು ಓಡಿದಾಗ ಮೀನಖಂಡಗಳಿಗೆ ಬೀಳುವ ಪೆಟ್ಟು ಹೆಚ್ಚು, ಕೊನೆಯ ಸುತ್ತುಗಳಲ್ಲಿ ಹೆಜ್ಜೆ ಕುಸಿಯುವುದಕ್ಕೆ ಅದೂ ಒಂದು ಕಾರಣ.

ಎಡವುವುದು, ಗೆರೆ ಮುಟ್ಟುವುದು

ಈ ವೇಗದಲ್ಲಿ ಒಂದು ಹೆಜ್ಜೆಯ ಉದ್ದ ಸುಮಾರು 1.75 ಮೀಟರ್, ಸೆಕೆಂಡಿಗೆ ಮೂರು ಹೆಜ್ಜೆ. ಹಿಂಗಾಲು ಸೊಂಟದ ಹತ್ತಿರದವರೆಗೆ ಏರಿ ಹಿಂದಿನವರ ಮುಂಗಾಲಿನ ಜಾಗಕ್ಕೆ ಬರುತ್ತದೆ. ಮುಂಚೂಣಿ ಹಠಾತ್ತನೆ ವೇಗ ತಗ್ಗಿಸಿದಾಗ ಸಾಲು ಒತ್ತಿಕೊಂಡು ಮೊಳೆ ಹಿಮ್ಮಡಿಗೆ ತಗಲುತ್ತದೆ. ಹೆಚ್ಚಿನ ಬೀಳುವಿಕೆ ಆಗುವುದು ವೇಗ ಏರಿದಾಗಲ್ಲ, ಇಳಿದಾಗ.

ಬುಡಾಪೆಸ್ಟ್‌ನದು ಬೇರೆ ಬಗೆ. ಕೊನೆಯ ನೇರ ಹಾದಿಯಲ್ಲಿ ಹಸನ್ ಮುಂದಿದ್ದರು, ತ್ಸೆಗೆ ಬಲಗಡೆಯಿಂದ ಪಕ್ಕಕ್ಕೇ ಬಂದಿದ್ದರು. ಗೆರೆ ಇಪ್ಪತ್ತು ಮೂವತ್ತು ಮೀಟರ್ ಇರುವಾಗ ಹಸನ್ ಆಯತಪ್ಪಿ ಬಿದ್ದರು. ತ್ಸೆಗೆ, ಗಿಡೆ, ಎಜ್ಗಯೆಹು ಟಾಯೆ — ಮೂರು ಪದಕವೂ ಇಥಿಯೋಪಿಯಾಕ್ಕೆ. ಹಸನ್ ಎದ್ದು ಓಟ ಮುಗಿಸಿ 11ನೆಯವರಾದರು. ದಣಿದ ಸ್ನಾಯು ಮೊಣಕಾಲನ್ನು ಬೇಕಾದಷ್ಟು ಎತ್ತುವುದಿಲ್ಲ, ದೇಹ ಮುಂದಕ್ಕೆ ಬಾಗಿರುತ್ತದೆ; ಪಕ್ಕದಲ್ಲಿ ಒಬ್ಬರು ಒತ್ತಿದರೆ ಸಮತೋಲ ತಪ್ಪಲು ಅಷ್ಟು ಸಾಕು.

ಗೆರೆಯಲ್ಲಿ ಲೆಕ್ಕಕ್ಕೆ ಬರುವುದು ಮುಂಡ ಮಾತ್ರ. ತಲೆ, ಕುತ್ತಿಗೆ, ಕೈ, ಕಾಲು ಯಾವುದೂ ಅಲ್ಲ. ಕೈ ಮೇಲೆತ್ತಿದರೆ ಎದೆ ಹಿಂದಕ್ಕೆ ಸರಿಯುತ್ತದೆ. 2015ರ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಮೊಲಿ ಹಡಲ್ ಕಂಚು ಸಿಕ್ಕಿತೆಂದು ಗೆರೆಗೆ ಮೊದಲೇ ಕೈಯೆತ್ತಿದರು. ಒಳ ಅಂಚಿನಿಂದ ಅವರದೇ ದೇಶದ ಎಮಿಲಿ ಇನ್‌ಫೆಲ್ಡ್ ನುಗ್ಗಿ ಬಂದು 0.09 ಸೆಕೆಂಡಿನಲ್ಲಿ ಆ ಕಂಚನ್ನು ಪಡೆದರು.

ಗೆರೆ ದಾಟಿದ ಮೇಲೂ ಫಲಿತಾಂಶ ಬದಲಾಗಬಹುದು. ಅಡ್ಡಿಪಡಿಸಿದರೆಂದು ರೆಫರಿ ಅನರ್ಹಗೊಳಿಸಬಹುದು. ಫಲಿತಾಂಶ ಅಧಿಕೃತವಾಗಿ ಪ್ರಕಟವಾದ 30 ನಿಮಿಷದೊಳಗೆ ತಂಡಗಳು ಆಕ್ಷೇಪ ಸಲ್ಲಿಸಬೇಕು, ಅದರ ಮೇಲೆ ಮೇಲ್ಮನವಿ ಮಂಡಳಿ ಇರುತ್ತದೆ. ಪ್ಯಾರಿಸ್‌ನ 5,000 ಮೀಟರ್ ಫೈನಲ್‌ನಲ್ಲಿ ಫೇತ್ ಕಿಪ್ಯೆಗಾನ್ ಮತ್ತು ತ್ಸೆಗೆ ಒಳ ಅಂಚಿನ ಜಾಗಕ್ಕಾಗಿ ಕೊನೆಯ ಸುತ್ತುಗಳಲ್ಲಿ ತಳ್ಳಾಡಿಕೊಂಡರು. ಎರಡನೆಯವರಾಗಿ ಬಂದ ಕಿಪ್ಯೆಗಾನ್‌ರನ್ನು ಅನರ್ಹಗೊಳಿಸಿ, ಹಸನ್‌ಗೆ ಬೆಳ್ಳಿ, ಬಟ್ಟೊಕ್ಲೆಟ್ಟಿಗೆ ಕಂಚು ಎಂದು ಪ್ರಕಟಿಸಿದರು. ಕೆನ್ಯಾ ಮೇಲ್ಮನವಿ ಸಲ್ಲಿಸಿತು. ಮಂಡಳಿ ಅದನ್ನು ಒಪ್ಪಿ ಕಿಪ್ಯೆಗಾನ್‌ಗೆ ಬೆಳ್ಳಿಯನ್ನು ಮರಳಿಸಿತು; ಹಸನ್ ಕಂಚಿಗೂ ಬಟ್ಟೊಕ್ಲೆಟ್ಟಿ ನಾಲ್ಕನೆಯ ಸ್ಥಾನಕ್ಕೂ ಹಿಂತಿರುಗಿದರು.